ಮೇಷ್ಟ್ರ ಗಾಜಿನ ತೊಟ್ಟಿ

1998. ನಾನು ಆಗ ಊರಿನ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ನಮ್ಮ ಕೋಲಾರದ ಕಡೆ ತೆರೆದ ಬಾವಿಗಳು ಆಗಲೇ ಬತ್ತಿದ್ದವು. ಕುಡಿಯೋಕೆ ಬೋರ್‌ವೆಲ್ ನೀರೇ ಗತಿ. ನೆಲದೊಳಗೆ ನದಿ ಹರಿಯುತ್ತೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರೆ ಅದು ಸಿಗುತ್ತೆ ಅಂತ ನಾವೆಲ್ಲ ನಂಬಿದ್ದೆವು.

ಒಂದು ದಿನ ವಿಜ್ಞಾನದ ಮೇಷ್ಟ್ರು ಮೀನು ಸಾಕುವ ಹಳೆಯ ಗಾಜಿನ ತೊಟ್ಟಿ ತಂದು ಮರಳು ತುಂಬಿಸಿದರು. ಒಂದು ತುದಿ ದಿಬ್ಬ. ಇನ್ನೊಂದು ತುದಿಯ ತಗ್ಗಿನಲ್ಲಿ ಕೆರೆ. ಕೆರೆಯಿಂದ ಸಣ್ಣ ಪೈಪಿನಲ್ಲಿ ನೀರು ಆಚೆ ತೊಟ್ಟಿಕ್ಕುತ್ತಿತ್ತು. ದಿಬ್ಬಕ್ಕೆ ಮಗ್ಗಿನಿಂದ ನೀರು ಹೊಯ್ಯೋದು ನನ್ನ ಕೆಲಸ. ನಾನೇ ಮಳೆ. ನಡುವೆ ತಿಪ್ಪೆ ಅಂತ ಗಾಜಿನ ಪಕ್ಕದಲ್ಲೇ ಒಂದು ಮುಚ್ಚಳ ಕೆಂಪು ಇಂಕು ಹಾಕಿದರು. ಅದಕ್ಕಿಂತ ಮೇಲ್ಗಡೆ ಒಂದು ಕೊಳವೆ, ಕೊಳವೆಗೆ ಸಿರಿಂಜು. ಅದು ಬೋರ್‌ವೆಲ್.

ಇಂಕು ಮೆಲ್ಲಗೆ ಕೆರೆ ಕಡೆ ಹೊರಟಿತು. "ಬೋರ್‌ವೆಲ್ ಮೇಲಿದೆ ಸಾರ್, ಅದಕ್ಕೇನೂ ಆಗಲ್ಲ" ಅಂದೆ. ಮೇಷ್ಟ್ರು ಸಿರಿಂಜು ಎಳೆಯೋಕೆ ಹೇಳಿದರು. ಎಳೆದು ಚೆಲ್ಲಿದೆ, ಮತ್ತೆ ಎಳೆದೆ. ಕೊಳವೆಯ ಸುತ್ತ ಮರಳಿನ ತೇವ ಆಲಿಕೆಯ ಹಾಗೆ ಕೆಳಗಿಳಿಯಿತು. ಕೆಂಪು ಗೆರೆ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ತಿರುಗಿತು! ಸಿರಿಂಜಿನೊಳಗೆ ಗುಲಾಬಿ ಬಣ್ಣದ ನೀರು ಬಂತು.

"ಮೇಲು ಕೆಳಗು ಅಂದ್ರೆ ನೆಲದ್ದಲ್ಲ ಕಣೋ, ಒಳಗಿನ ನೀರಿನ ಮಟ್ಟದ್ದು" ಅಂದರು.

ಮರುದಿನ ಬಿರುಕು ಬಿಟ್ಟ ಒಂದು ಕಲ್ಲು ತಂದರು. ನಮ್ಮ ಸೀಮೆಯಲ್ಲಿ ನೆಲದಡಿ ಮರಳಲ್ಲ, ಬಂಡೆ. ನೀರು ಬಿರುಕಿನಲ್ಲೇ ಹರಿಯಬೇಕು. ಮರಳು ಒಂದಿಷ್ಟಾದರೂ ಸೋಸುತ್ತೆ, ಬಿರುಕು ಸೋಸಲ್ಲ. ಜೊತೆಗೆ ನಮ್ಮ ಬಂಡೆಯಿಂದಲೇ ಫ್ಲೋರೈಡ್ ನೀರಿಗಿಳಿಯುತ್ತೆ. ಅದಕ್ಕೆ ಇಂಕಿನ ಹಾಗೆ ಬಣ್ಣ ಇಲ್ಲ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಜಾಸ್ತಿಯಾಗುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳಬಹುದು.

ಮೇಷ್ಟ್ರು ಇದನ್ನು ಹೇಳುವಾಗ ನನ್ನ ಬೆಂಚಿನ ಮೂವರು ಬಾಯಿ ಮುಚ್ಚಿಕೊಂಡಿದ್ದರು. ಹಲ್ಲುಜ್ಜಲ್ಲ ಅಂತ ಅವರನ್ನು ನಾವು ವರ್ಷಗಟ್ಟಲೆ ರೇಗಿಸಿದ್ದೆವು. ಅವತ್ತಿಗೆ ಅದು ನಿಂತಿತು.

ಈಗ ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ಬಾಟಲಿಗಳು ಬಂದಾಗೆಲ್ಲ ಆ ತೊಟ್ಟಿ ತೊಳೆದ ಸಂಜೆ ನೆನಪಾಗುತ್ತೆ. ಹಾಕಿದ್ದು ಒಂದೇ ಮುಚ್ಚಳ ಇಂಕು. ಕೈಪಂಪಿನ ಹತ್ತಿರ ನಾನೂ ಗೆಳೆಯನೂ ಕೊಡದಲ್ಲಿ ನೀರು ಹೊಯ್ದೆವು. ಮೂರನೇ ಕೊಡ ಖಾಲಿಯಾದಾಗಲೂ ಮರಳಿನಿಂದ ಇಳಿಯುವ ನೀರು ತಿಳಿ ಗುಲಾಬಿಯಾಗಿಯೇ ಇತ್ತು.