ಸುಟ್ಟ ಬದನೆಕಾಯಿಗೆ ಯಾವ ವೈನ್?

ಹೋದ ಶನಿವಾರ ಸಂಜೆ ನಮ್ಮ ಮನೆ ತಾರಸಿ ಮೇಲೆ ಎಂಟು ಜನ ಸೇರಿದ್ದೆವು. ದಾವಣಗೆರೆ ಬಿಸಿಲು ಗೊತ್ತಲ್ವಾ, ಆರು ಗಂಟೆಯಾದರೂ ನೆಲ ಕಾವು ಬಿಟ್ಟಿರಲಿಲ್ಲ. ನಾಲ್ಕು ಬಕೆಟ್ ನೀರು ಚೆಲ್ಲಿ, ಆರಿದ ಮೇಲೆ ಜಮಖಾನ ಹಾಸಿ, ನಡುವೆ ತಟ್ಟೆಗಳನ್ನು ಇಟ್ಟೆ. ಹಮ್ಮಸ್ ಅನ್ನುವ ಕಾಬೂಲ್ ಕಡಲೆಯ ಚಟ್ನಿ, ಬಾಬಾ ಗನೂಶ್ ಅನ್ನುವ ಸುಟ್ಟ ಬದನೆಕಾಯಿಯ ಚಟ್ನಿ, ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು, ಆಲಿವ್, ಉಪ್ಪುನೀರಲ್ಲಿ ನೆನೆಸಿದ ಪನೀರ್, ಸೌತೆಕಾಯಿ. ಪೀಟಾ ಬ್ರೆಡ್ ಬದಲು ಜೋಳದ ಕಡಕ್ ರೊಟ್ಟಿ. ಜೊತೆಗೆ ಮೂರು ಬಾಟಲಿ ವೈನ್.

ಇದು ಊಟ ಅಲ್ಲ, ಮಾತಾಡುತ್ತಾ ಆಗಾಗ ಕೈ ಹಾಕುವ ತಿಂಡಿ. ಗ್ರೀಸ್, ಟರ್ಕಿ, ಲೆಬನಾನ್ ಕಡೆ ಇದಕ್ಕೆ ಮೆಝೆ ಅಂತಾರೆ. ಸಣ್ಣ ಸಣ್ಣ ತಟ್ಟೆ, ಎಲ್ಲರದ್ದೂ ಒಂದೇ ತಟ್ಟೆಗೆ ಕೈ. ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಎರಡು ಗಂಟೆ ಹರಟೆ ಹೊಡೆಯುವ ನಮ್ಮೂರಿನವರಿಗೆ ಇದು ಹೊಸದಲ್ಲ. ಹೊಸದು ಅಂದರೆ ವೈನ್ ಮಾತ್ರ. ಅದರ ಬಗ್ಗೆ ನಾನು ಕಲಿತದ್ದನ್ನು ಬರೆಯಬೇಕು ಅನಿಸಿತು.

ಎರಡು ವರ್ಷದ ಹಿಂದೆ ಮೊದಲ ಸಲ ಮಾಡಿದಾಗ ಎಲ್ಲ ಕೆಟ್ಟಿತ್ತು. ಅಂಗಡಿಯವರು "ಇದೇ ಒಳ್ಳೇದು ಮೇಡಂ" ಅಂತ ಕೊಟ್ಟ ದಪ್ಪನೆಯ ಶಿರಾಜ್ ತಂದಿದ್ದೆ, ಕೆಂಪು ವೈನ್. ರೆಡ್ ವೈನ್ ಫ್ರಿಜ್‌ನಲ್ಲಿ ಇಡಬಾರದು ಅಂತ ಎಲ್ಲೋ ಕೇಳಿದ್ದೆ, ಹಾಗಾಗಿ ಅಡುಗೆಮನೆ ಕಟ್ಟೆ ಮೇಲೇ ಇಟ್ಟೆ. ನಿಂಬೆ ಹಿಂಡಿದ ಹಮ್ಮಸ್ ತಿಂದು ಒಂದು ಗುಟುಕು ಕುಡಿದರೆ ಬಾಯೆಲ್ಲ ಒಗರು, ಹಿಂದಿನಿಂದ ತಾಮ್ರದ ಕಾಸು ನೆಕ್ಕಿದ ಹಾಗೆ ಒಂದು ರುಚಿ. ಎಲ್ಲರೂ ಗ್ಲಾಸ್ ಕೆಳಗಿಟ್ಟು ನೀರು ಕೇಳಿದರು. ಬೇಜಾರಾಯಿತು. ಆದರೆ ವೈನೂ ಕೆಟ್ಟದ್ದಲ್ಲ, ಹಮ್ಮಸ್ಸೂ ಕೆಟ್ಟದ್ದಲ್ಲ, ಮತ್ತೆ ಯಾಕೆ ಹೀಗಾಯಿತು ಅನ್ನುವುದು ತಲೆಯಲ್ಲೇ ಉಳಿಯಿತು.

ಕಾರಣ ಆ ಒಗರಿನಲ್ಲೇ ಇತ್ತು. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಅದು. ಚನ್ನಗಿರಿ ಕಡೆಯವರಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದು: ಅಡಿಕೆ ಬೇಯಿಸಿದಾಗ ಉಳಿಯುತ್ತಲ್ಲ ಚೊಗರು, ಅದರಲ್ಲಿರುವ ಒಗರೂ ಟ್ಯಾನಿನ್ನೇ. ಕೆಂಪು ವೈನ್ ಮಾಡುವಾಗ ರಸದ ಜೊತೆ ಸಿಪ್ಪೆಯನ್ನೂ ದಿನಗಟ್ಟಲೆ ಹುದುಗಲು ಬಿಡುತ್ತಾರೆ, ಅದಕ್ಕೇ ಬಣ್ಣ, ಅದಕ್ಕೇ ಒಗರು. ಬಿಳಿ ವೈನ್‌ಗೆ ಸಿಪ್ಪೆ ಮೊದಲೇ ತೆಗೆದುಬಿಡುತ್ತಾರೆ. ರೋಜೆ ಅನ್ನುವ ಗುಲಾಬಿ ಬಣ್ಣದ ವೈನ್‌ಗೆ ಸಿಪ್ಪೆ ಕೆಲವು ಗಂಟೆ ಮಾತ್ರ ರಸದಲ್ಲಿರುತ್ತದೆ. ಮಾಂಸದ ಕೊಬ್ಬು, ಗಟ್ಟಿ ಚೀಸ್ ಇದ್ದರೆ ಒಗರು ಮೆತ್ತಗಾಗುತ್ತದೆ. ನಮ್ಮ ತಟ್ಟೆಯಲ್ಲಿ ಇದ್ದದ್ದು ನಿಂಬೆ, ಬೆಳ್ಳುಳ್ಳಿ, ಮೊಸರು. ಅಲ್ಲಿ ಶಿರಾಜ್ ಏನು ಮಾಡೀತು?

ಮೆಡಿಟರೇನಿಯನ್ ಕಡಲ ಸುತ್ತಲಿನ ಈ ತಿಂಡಿಗಳಲ್ಲಿ ಮುಂದೆ ನಿಲ್ಲುವುದು ಹುಳಿ. ತಿಂಡಿಯ ಹುಳಿಗಿಂತ ವೈನಿನ ಹುಳಿ ಕಡಿಮೆ ಆದರೆ ವೈನ್ ಸಪ್ಪೆ ನೀರಿನ ಹಾಗಾಗುತ್ತದೆ. ಆದ್ದರಿಂದ ಹುಳಿಯ ಪಕ್ಕ ಹುಳಿಯನ್ನೇ ಇಡಬೇಕು. ಅದಕ್ಕೆ ನನ್ನ ಕೈ ಮೊದಲು ಹೋಗುವುದು ಸಾವಿನ್ಯಾನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಕಡೆ. ಚುರುಕಾದ ಹುಳಿ, ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ. ಸೌತೆಕಾಯಿ-ಮೊಸರು, ಆಲಿವ್, ಉಪ್ಪಿನ ಪನೀರ್ ಮೂರಕ್ಕೂ ಹೊಂದುತ್ತದೆ. ಸಿಗುವುದೂ ಕಷ್ಟವಿಲ್ಲ. 1999ರಲ್ಲಿ ನಾಸಿಕ್‌ನಲ್ಲಿ ಶುರುವಾದ ಸುಲಾ ವೈನ್ ಕಂಪನಿ 2000ದಲ್ಲಿ ಮೊದಲು ಮಾರಿದ್ದೇ ಸಾವಿನ್ಯಾನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ಅನ್ನುವ ಇನ್ನೊಂದು ಬಿಳಿ ವೈನ್. ನಂದಿ ಬೆಟ್ಟದ ಕಡೆಯ ಗ್ರೋವರ್ ಜಂಪಾದವರೂ ಮಾಡುತ್ತಾರೆ. ನಮ್ಮ ಕಡೆ "ವೈನ್ ಶಾಪ್" ಅಂದರೆ ವಿಸ್ಕಿ, ಬಿಯರ್ ಅಂಗಡಿ, ವೈನ್ ಒಂದು ಮೂಲೆಯ ಅರೆಯಲ್ಲಿರುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ನಿಂತ ಬಾಟಲಿ ಬೇಡ, ಒಳಗಿನದು ಕೊಡಿ ಅಂತ ಕೇಳಿ. ವೈನಿಗೆ ದೊಡ್ಡ ಶತ್ರು ಅಂದರೆ ಬಿಸಿಯೇ. ಸಿಹಿಯಾದ ಪೋರ್ಟ್ ವೈನ್ ಕೊಡಲು ಬಂದರೆ ಬೇಡ ಅನ್ನಿ, ಈ ತಿಂಡಿಗೆ ಅದು ಸೇರುವುದಿಲ್ಲ.

ಪನೀರ್ ಬಗ್ಗೆ ಒಂದು ಮಾತು. ನಾನು ಫೆಟಾ ಅನ್ನುವ ಗ್ರೀಸಿನ ಉಪ್ಪು ಚೀಸ್ ಬದಲು ಅದನ್ನು ಉಪ್ಪು, ನಿಂಬೆರಸದ ನೀರಲ್ಲಿ ಒಂದು ದಿನ ಇಡುತ್ತೇನೆ. ಅಸಲಿ ಫೆಟಾ ಕುರಿ ಹಾಲಿನದು, ಮೇಕೆ ಹಾಲು ನೂರಕ್ಕೆ 30ಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ, ಯುರೋಪಿನಲ್ಲಿ 2002ರಿಂದ ಆ ಹೆಸರು ಗ್ರೀಸಿನದ್ದೇ. ಚಳ್ಳಕೆರೆ ದಾರಿಯಲ್ಲಿ ಕುರಿ ಹಿಂಡು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಉಣ್ಣೆಯಿಂದ ಕಂಬಳಿ ಬಂತು, ಆ ಹಾಲಿನಿಂದ ಒಂದು ಚೀಸ್ ಬಂದರೆ ಎಷ್ಟು ಚೆನ್ನ!

ಈಗ ಬದನೆಕಾಯಿಗೆ ಬರ್ತೀನಿ. ಅದನ್ನು ಸುಟ್ಟಿದ್ದು ನಮ್ಮತ್ತೆ. ಅವರು ವೈನ್ ಮುಟ್ಟುವುದಿಲ್ಲ, ಅವರಿಗೆ ಚಿತ್ರದುರ್ಗದ ದಾಳಿಂಬೆ ರಸ. ಆದರೆ ಬದನೆಕಾಯಿ ಸುಡುವುದನ್ನು ಬೇರೆಯವರಿಗೆ ಬಿಡುವುದಿಲ್ಲ. ದಪ್ಪ ಗುಂಡು ಕಾಯಿ, ಮೇಲೆ ಎಣ್ಣೆ ಸವರಿ, ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ ನೇರ ಗ್ಯಾಸ್ ಉರಿಗೆ. ಸಿಪ್ಪೆ ಕಪ್ಪಾಗಿ ಬಿರಿಯುತ್ತದೆ, ತೊಟ್ಟಿನ ಹತ್ತಿರ ನೀರು ಗುಳುಗುಳು ಅಂತ ಕುದಿಯುತ್ತದೆ, ಕಾಯಿ ತಾನಾಗೇ ಕುಸಿದು ಕೂತ ಮೇಲೆ ಇಳಿಸುತ್ತಾರೆ. ತಟ್ಟೆ ಮುಚ್ಚಿ ಹತ್ತು ನಿಮಿಷ. ಆಮೇಲೆ ಒದ್ದೆ ಕೈಯಲ್ಲಿ ಸಿಪ್ಪೆ ಎಳೆದರೆ ಸಲೀಸಾಗಿ ಬರುತ್ತದೆ. ತೊಳೆಯಬಾರದು, ತೊಳೆದರೆ ಹೊಗೆ ಹೋಯಿತು. ಆ ತಿರುಳಿಗೆ ಬಿಳಿ ಎಳ್ಳು ಹುರಿದು ಎಣ್ಣೆ ಬಿಟ್ಟು ನುಣ್ಣಗೆ ರುಬ್ಬಿದ ತಹಿನಿ, ಬೆಳ್ಳುಳ್ಳಿ, ಉಪ್ಪು, ನಿಂಬೆ. ನನ್ನ ಗಂಡನ ಗೆಳೆಯರೊಬ್ಬರು ಬಾಯಿಗಿಟ್ಟವರೇ, "ಅತ್ತಿಗೆ, ಇದು ನಮ್ಮ ಬದನೆಕಾಯಿ ಬಜ್ಜಿ ಅಲ್ವಾ?" ಅಂದರು. ಹೌದು, ಎರಡೂ ಅಣ್ಣತಮ್ಮಂದಿರ ಹಾಗೆ.

ಈ ಹೊಗೆಗೆ, ಎಳ್ಳಿನ ಜಿಡ್ಡಿಗೆ ಬಿಳಿ ವೈನ್ ಸ್ವಲ್ಪ ತೆಳುವಾಯಿತು. ರೋಜೆ ಸರಿಯಾಗಿ ಕೂತಿತು. ಬಿಳಿಯ ತಂಪೂ ಇದೆ, ಸಿಪ್ಪೆಯಿಂದ ಬಂದ ಒಂಚೂರು ಒಗರೂ ಇದೆ. ಫ್ರಾನ್ಸಿನ ಪ್ರೊವಾನ್ಸ್ ಕಡಲ ತೀರದವರು ಬೇಸಿಗೆಯೆಲ್ಲ ಇದನ್ನೇ ಕುಡಿಯುವುದು ಯಾಕೆ ಅಂತ ಅವತ್ತು ತಾರಸಿಯ ಕಾವಿನಲ್ಲಿ ಅರ್ಥವಾಯಿತು. ಒಂದೇ ಬಾಟಲಿ ತರುವುದಾದರೆ ರೋಜೆ ತನ್ನಿ, ತಟ್ಟೆಯಲ್ಲಿರುವ ಯಾವುದರ ಜೊತೆಗೂ ಜಗಳ ಆಡುವುದಿಲ್ಲ.

ಖಾರ ಮಾತ್ರ ಬೇರೆ ಲೆಕ್ಕ. ನಮ್ಮ ಮನೆಗೆ ಯಾರೇ ಬಂದರೂ ಮಿರ್ಚಿ ಇಲ್ಲದೆ ಆಗುವುದಿಲ್ಲ, ಅವತ್ತೂ ಯಾರೋ ಕಟ್ಟಿಸಿಕೊಂಡು ಬಂದಿದ್ದರು. ಆಲ್ಕೋಹಾಲ್ ಖಾರವನ್ನು ಆರಿಸುವುದಿಲ್ಲ, ಮೆಣಸಿನಕಾಯಿ ಕೆರಳಿಸುವ ಉರಿಯನ್ನೇ ಅದೂ ಕೆರಳಿಸುತ್ತದೆ. ಶೇಕಡಾ 14 ಆಲ್ಕೋಹಾಲ್ ಇರುವ ಕೆಂಪು ವೈನ್ ಮಿರ್ಚಿ ಮೇಲೆ ಕುಡಿದರೆ ಕಿವಿಯಲ್ಲಿ ಹೊಗೆ. ಅದಕ್ಕೆ ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್, ಚೆನ್ನಾಗಿ ತಣ್ಣಗೆ ಮಾಡಿ. ನನ್ನ ಮೂರನೇ ಬಾಟಲಿ ಅದೇ. ಖಾರ ಕಡಿಮೆ ಇರುವ ಕರಿದ ತಿಂಡಿ, ಫಲಾಫೆಲ್ ಥರದ್ದು ಇದ್ದರೆ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ಚೆನ್ನ, ನಾಲಿಗೆ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತದೆ.

ತಣ್ಣಗೆ ಅಂದೆನಲ್ಲ, ಅರ್ಧ ಕೆಲಸ ಅದೇ. ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕೊಡಿ ಅನ್ನುವ ಮಾತು ಯುರೋಪಿನ ತಣ್ಣನೆ ಮನೆಗಳದ್ದು, ಅಲ್ಲಿ ರೂಮ್ ಅಂದರೆ 16ರಿಂದ 18 ಡಿಗ್ರಿ. ಮಾರ್ಚ್‌ನಲ್ಲಿ ನಮ್ಮ ರೂಮ್ 30 ದಾಟಿರುತ್ತದೆ. ಕೆಂಪು ವೈನ್ ಕೂಡ ಅರ್ಧ ಗಂಟೆಯಾದರೂ ಫ್ರಿಜ್‌ನಲ್ಲಿರಲಿ. ಬಿಳಿ, ರೋಜೆ 8ರಿಂದ 10 ಡಿಗ್ರಿ. ಫ್ರಿಜ್‌ನಲ್ಲಿ ಜಾಗ ಇಲ್ಲದಿದ್ದರೆ ಸ್ಟೀಲ್ ಬಕೆಟ್‌ಗೆ ಐಸ್ ಹಾಕಿ, ನೀರು ಹೊಯ್ದು, ಎರಡು ಹಿಡಿ ಕಲ್ಲುಪ್ಪು ಬೆರೆಸಿ ಬಾಟಲಿ ಮುಳುಗಿಸಿ. ಬರೀ ಐಸ್ ಆದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಿದ್ದರೆ ಸುತ್ತಲೂ ತಾಗುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ಇಪ್ಪತ್ತು ನಿಮಿಷ ಸಾಕು.

750 ಎಂಎಲ್ ಬಾಟಲಿಯಲ್ಲಿ 150ರ ಲೆಕ್ಕದಲ್ಲಿ ಐದು ಗ್ಲಾಸ್. ನಮ್ಮ ಎಂಟು ಜನರಲ್ಲಿ ಇಬ್ಬರು ಗಾಡಿ ಓಡಿಸಬೇಕಿತ್ತು, ಅವರಿಗೂ ದಾಳಿಂಬೆ ರಸವೇ. ಸಸ್ಯಾಹಾರಿಗಳಿದ್ದರೆ ಇನ್ನೊಂದು ವಿಷಯ ನೋಡಿ: ಕೆಲವು ವೈನ್‌ಗಳನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ, ಮೀನಿನ ಅಂಶ ಬಳಸುತ್ತಾರೆ. ಕಂಪನಿಯವರು ವೀಗನ್, ಅಂದರೆ ಪ್ರಾಣಿಯಿಂದ ಬಂದದ್ದೇನೂ ಬಳಸಿಲ್ಲ ಅಂತ ಹೇಳಿದ್ದಾರಾ ಅಂತ ಮೊದಲೇ ತಿಳಿದುಕೊಂಡರೆ ಅವರೂ ನೆಮ್ಮದಿಯಾಗಿ ಕುಡಿಯಬಹುದು.

ಮರುದಿನ ಬೆಳಿಗ್ಗೆ ಅತ್ತೆ ಉಳಿದ ಒಂದು ಬದನೆಕಾಯಿ ಸುಟ್ಟು, "ಬಿಳಿ ಎಳ್ಳು ಯಾಕವ್ವಾ, ಗುರೆಳ್ಳು ಹಾಕಿ ನೋಡು" ಅಂದರು. ಹುರಿದ ಗುರೆಳ್ಳಿನ ಪುಡಿ ಹಾಕಿ ಕಲಸಿದೆ. ಬಣ್ಣ ಕಪ್ಪಾಯಿತು, ರುಚಿ ಆಳವಾಯಿತು, ತುದಿಯಲ್ಲಿ ಒಂಚೂರು ಕಹಿ. ರಾತ್ರಿ ಅದರ ಜೊತೆ ಫ್ರಿಜ್‌ನಲ್ಲಿ ಉಳಿದಿದ್ದ ಅರ್ಧ ಗ್ಲಾಸ್ ರೋಜೆ ಕುಡಿದು ನೋಡಿದೆ, ಸಾಲಲಿಲ್ಲ. ಆ ಕಹಿಗೆ, ಆ ಹೊಗೆಗೆ ಒಗರೇ ಬೇಕು. ಮುಂದಿನ ಸಲ ಸೇರುವಾಗ ಶಿರಾಜ್ ಇನ್ನೊಮ್ಮೆ ತರುತ್ತೇನೆ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ನಿಂಬೆಹಣ್ಣು ಹಿಂಡದೆ.