‘ಸಾಮಥ್ರ್ಯ’ ಸರಿಹೋದ ಶನಿವಾರ

ಬೆಳಿಗ್ಗೆ ಏಳೂವರೆಗೆ ಮಾವನ ಫೋನು. “ಸಾಮರ್ಥ್ಯ ಅನ್ನೋದೆಲ್ಲ ಸಾಮಥ್ರ್ಯ ಆಗ್ತಿದೆ ಕಣೋ. ಐನೂರು ಪುಟ ಇದೆ. ಕೈಯಲ್ಲೇ ತಿದ್ದೋಕೆ ಕೂತ್ರೆ ನಾನು ಏಳೋದು ಮುಂದಿನ ಯುಗಾದಿಗೇ.”

ಮಾವನದು ಚಾಮರಾಜಪೇಟೆಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಸಂಘಗಳ ಸ್ಮರಣ ಸಂಚಿಕೆ. ಈ ಸಲ ಒಂದು ಸಂಘದವರು 2004ರಿಂದ 2012ರವರೆಗಿನ ಸಂಚಿಕೆಗಳನ್ನೆಲ್ಲ ಒಂದೇ ಪುಸ್ತಕ ಮಾಡಿಕೊಡಿ, ಮೊಬೈಲಿನಲ್ಲೂ ಓದೋ ಹಾಗಿರಲಿ ಎಂದಿದ್ದರು. ಹಳೇ ಪೇಜ್‌ಮೇಕರ್ ಫೈಲುಗಳನ್ನು ಮಾವ ಸಿ.ಡಿ.ಗಳಲ್ಲಿ ಜೋಪಾನ ಮಾಡಿದ್ದರು. ಆದರೆ ಒಳಗಿದ್ದದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಅಕ್ಷರ.

ಡಿಟಿಪಿ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ತೆಗೆದರೆ ಗಜಿಬಿಜಿ. ‘ಕನ್ನಡ’ ಎಂದು ಬರೆದ ಕಡೆ ಫಾಂಟ್ ಕಿತ್ತು ನೋಡಿ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿರುತ್ತದೆ. ನಮ್ಮ ‘ನ’ ಅಲ್ಲಿ ಬಾಡಿಗೆಗಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಜಾಗ ತೆಗೆದಿಟ್ಟಿದ್ದಾರೆ. ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಸಾಮಾನು ಸಾಗಿಸೋದೇ ಪರಿವರ್ತಕದ ಕೆಲಸ.

ಆ ಸಾಗಾಟದಲ್ಲಿ ಒಡೆಯೋದು ಅರ್ಕಾವತ್ತು. ‘ಧರ್ಮ’ ಬರೆಯುವಾಗ ಅರ್ಕಾವತ್ತು ಹಾಕೋದು ‘ಮ’ ಆದ ಮೇಲೆ, ಓದೋದು ‘ಮ’ಕ್ಕಿಂತ ಮೊದಲು. ಹಳೇ ಫಾಂಟ್ ಕಣ್ಣಿಗೆ ಕಂಡ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ, ಯುನಿಕೋಡ್ ಕಿವಿಗೆ ಕೇಳಿದ ಕ್ರಮದಲ್ಲಿ. ಹಾಗಾಗಿ ಪರಿವರ್ತಕ ಅದನ್ನು ಎತ್ತಿ ಒಂದಕ್ಷರ ಹಿಂದೆ ಇಡಬೇಕು. ಧರ್ಮ, ಕರ್ಮಕ್ಕೆ ಇದು ಸಾಕು. ಸಾಮರ್ಥ್ಯದಲ್ಲಿ ‘ಥ’ಗೆ ‘ಯ’ ಒತ್ತು ಬೇರೆ ಇದೆಯಲ್ಲ, ಅಲ್ಲಿ ಎಡವಟ್ಟು. ಒಂದೇ ಹೆಜ್ಜೆ ಹಿಂದೆ ಹೋಗಿ ಎರಡರ ಮಧ್ಯೆ ರಕಾರ ತುರುಕಿಬಿಡುತ್ತದೆ. ಅರ್ಘ್ಯ ಹೋಗಿ ಅಘ್ರ್ಯ, ಪಾರ್ಶ್ವ ಹೋಗಿ ಪಾಶ್ರ್ವ. ಇಂಥವನ್ನು ನೀವೂ ಎಷ್ಟೋ ಸಲ ನೋಡಿರುತ್ತೀರಿ, ಬರೆದವರಿಗೆ ಕಾಗುಣಿತ ಬರಲ್ಲ ಅಂತ ಬೈದೂ ಇರುತ್ತೀರಿ. ಪಾಪ, ಅವರದೇನೂ ತಪ್ಪಿಲ್ಲ.

ಮಾವನಿಗೆ ಆ ಪರಿವರ್ತಕ ಹಾಕಿಕೊಟ್ಟವನು ನಾನೇ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಮಾರ್ಕೆಟ್‌ನಲ್ಲಿ ಇಳಿದು ಅಂಗಡಿಗೆ ಹೋದೆ. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪುಟ್ಟ ಮುಕ್ತ ತಂತ್ರಾಂಶ ಅದು. ಕೊನೆಯ ಸಲ ಕೈಯಾಡಿಸಿದ್ದು 2014ರಲ್ಲಿ. ಆಮೇಲೆ ಜನ ಕೇಳಿದ ಪ್ರಶ್ನೆಗಳೆಲ್ಲ ಹಾಗೇ ಬಿದ್ದಿವೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಶುರುವೇ ಆಗಲಿಲ್ಲ. ಬರೆದಿದ್ದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೇ ಆವೃತ್ತಿ ಪೈಥಾನ್ 2ರಲ್ಲಿ, ಅದಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿತ್ತು. ಮಾವನ ಹಳೇ ಕಂಪ್ಯೂಟರ್ ಇರೋವರೆಗೆ ಇದರ ಜೀವ, ಅಷ್ಟೆ.

ಇದಕ್ಕೆ ಎಷ್ಟು ಕವಲುಗಳಿವೆ ನೋಡಿದೆ. ಕವಲು ಅಂದರೆ ಫೋರ್ಕ್, ಮೂಲದ ಪೂರ್ತಿ ನಕಲು ಮಾಡಿಕೊಂಡು ತಮ್ಮ ಪಾಡಿಗೆ ಮುಂದುವರಿಸೋದು. ಹದಿನೇಳು ಇದ್ದವು! ಒಂದೊಂದನ್ನೇ ತೆಗೆದೆ. ಹನ್ನೊಂದರಲ್ಲಿ ನಕಲು ಬಿಟ್ಟರೆ ಏನೂ ಇಲ್ಲ. ಒಬ್ಬರು ತಮ್ಮ ಹೆಸರಷ್ಟೇ ಸೇರಿಸಿದ್ದರು. ಇನ್ನೊಬ್ಬರು ಇಡೀ ಕೋಡನ್ನು ಪೈಥಾನ್ 3ಕ್ಕೆ ತಂದು, ಯಾರಿಗೂ ಹೇಳದೆ ಎದ್ದುಹೋಗಿದ್ದರು. ಎರಡನೇ ಲೋಟ ಕಾಫಿ ಹೊತ್ತಿಗೆ ಹದಿನಾಲ್ಕನೆಯದರಲ್ಲಿ ಒಂದು ಸಾಲು ಸಿಕ್ಕಿತು, ಕನ್ನಡದಲ್ಲೇ ಬರೆದ ಟಿಪ್ಪಣಿ: “ಅರ್ಕಾವತ್ತು ಎಲ್ಲಾ ಒತ್ತುಗಳನ್ನೂ ದಾಟಿ ಹಿಂದೆ ಹೋಗಬೇಕು.” ಅದರ ಕೆಳಗೆ ನಾಲ್ಕೇ ಸಾಲು ಕೋಡ್. ಮಾವನ ಐನೂರು ಪುಟದ ಮದ್ದು ಏಳು ವರ್ಷದಿಂದ ಅಲ್ಲಿ ಸುಮ್ನೆ ಕೂತಿತ್ತು.

ನಮ್ಮ ಬೀದಿಯಲ್ಲಿ ಗುಂಡಿ ಬಿದ್ದರೆ ಹೀಗೇ ಅಲ್ವಾ? ತಮ್ಮ ಗೇಟಿನ ಮುಂದೆ ಒಂದು ಬಾಂಡಲಿ ಜಲ್ಲಿ ಸುರಿದು ಒಳಗೆ ಹೋಗುತ್ತಾರೆ. ನಾನೂ ಅದನ್ನೇ ಮಾಡಿದವನು. ಹದಿನೇಳರಲ್ಲಿ ಹೆಸರಷ್ಟೇ ಸೇರಿಸಿದ್ದ ಆ ಒಬ್ಬ ಯಾರು ಅಂದುಕೊಂಡಿರಿ?

ಕೈ ಹಾಕುವ ಮುಂಚೆ ಲೈಸೆನ್ಸ್ ಫೈಲ್ ಹುಡುಕಿದೆ. ಅದು ಇಲ್ಲದಿದ್ದರೆ ಕೋಡ್ ಕಣ್ಣಿಗೆ ಕಾಣುತ್ತದೆಯೇ ಹೊರತು ತಿದ್ದಿ ಹಂಚುವ ಹಕ್ಕು ಸಿಗಲ್ಲ. ಸದ್ಯ, ಎಂಐಟಿ ಲೈಸೆನ್ಸ್ ಇತ್ತು. ಏನು ಬೇಕಾದರೂ ಮಾಡಿಕೊಳ್ಳಿ, ಮೂಲದವರ ಹೆಸರಿನ ಸಾಲು ಮತ್ತು ಲೈಸೆನ್ಸ್ ಮಾತ್ರ ಅಳಿಸಬೇಡಿ ಅನ್ನುತ್ತದೆ ಅದು.

ಮಾವನಿಗೆ ಆದರೂ ಮುಜುಗರ. “ಇನ್ನೊಬ್ಬರದ್ದನ್ನ ಹಾಗೆ ಎತ್ಕೊಳ್ಳೋದು ಸರೀನೇನೋ?”

“ನೀವು ದಿನಾ ಬಿಲ್ ಮಾಡೋ ಲಿಬ್ರೆಆಫೀಸ್ ಕೂಡ ಕವಲೇ ಮಾವ,” ಅಂದೆ. 2010ರಲ್ಲಿ ಓಪನ್‌ಆಫೀಸ್‌ನ ಒಡೆಯ ಸನ್ ಕಂಪನಿಯನ್ನು ಒರಾಕಲ್ ಕಂಪನಿ ಕೊಂಡುಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್ ಕಟ್ಟುತ್ತಿದ್ದವರಲ್ಲಿ ಹಲವರು ಹೊರಬಂದು ಇದನ್ನು ಶುರು ಮಾಡಿದರು.

“ಅಂದ್ರೆ ಭಾಗ ಆದ್ರು.”

“ಹೂಂ. ಆದ್ರೆ ಭಾಗ ಆದ್ಮೇಲೂ ಇಬ್ಬರ ಹತ್ರಾನೂ ಪೂರ್ತಿ ಆಸ್ತಿ ಇರುತ್ತೆ.”

ಮಾವ ಕನ್ನಡಕ ತೆಗೆದು ನಕ್ಕರು. “ಅಂಥಾ ಭಾಗ ನಮ್ಮನೇಲಿ ಆಗ್ಲಿಲ್ವಲ್ಲೋ.”

ಎರಡು ಕವಲುಗಳನ್ನು ಸೇರಿಸುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ, ಊಟದ ಹೊತ್ತು ಮೀರಿತು. ಒಬ್ಬರು ಸಾಲಿನ ಮುಂದೆ ಟ್ಯಾಬ್ ಒತ್ತಿದ್ದರು, ಇನ್ನೊಬ್ಬರು ಸ್ಪೇಸ್. ಕಣ್ಣಿಗೆ ಒಂದೇ ಥರ, ಆದರೆ ಎರಡೂ ಬೆರೆತರೆ ಪೈಥಾನ್ 3 ಮೂತಿ ತಿರುಗಿಸುತ್ತದೆ. ಎಲ್ಲ ಸರಿಮಾಡಿ 2004ರ ಸಂಚಿಕೆ ಹಾಕಿದಾಗ ಗಂಟೆ ನಾಲ್ಕು. ಮಾವ ಪರದೆಗೆ ಮೂಗು ತಾಗಿಸಿ, ಬೆರಳಿಟ್ಟು ಓದಿದರು. “ಯುವಕರ ಸಾಮರ್ಥ್ಯ...” ಮೂರು ಸಲ ಓದಿದರು.

ಅಷ್ಟರಲ್ಲಿ ಬೆಳಿಗ್ಗೆ ಮೂಲ ಲೇಖಕರಿಗೆ ಕಳಿಸಿದ್ದ ಇಮೇಲ್‌ಗೆ ಉತ್ತರ ಬಂತು. ನಾನು ನಿರೀಕ್ಷೆಯನ್ನೇ ಇಟ್ಟಿರಲಿಲ್ಲ. ಇನ್ನೂ ಯಾರಾದರೂ ಇದನ್ನು ಬಳಸುತ್ತಾರೆ ಅಂತ ಗೊತ್ತೇ ಇರಲಿಲ್ಲವಂತೆ. ಈಗ ಬೇರೆ ಕೆಲಸ, ಎರಡು ಮಕ್ಕಳು. ಪಾಸ್‌ವರ್ಡ್ ಸಮೇತ ಎಲ್ಲ ಕೊಡ್ತೀನಿ, ನೀವೇ ನೋಡ್ಕೊಳ್ಳಿ ಎಂದಿದ್ದರು.

ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ 2024ರ ಮಾರ್ಚ್‌ನ ಎಕ್ಸ್‌ಝಡ್ ಕಥೆ ನೆನಪಾಯಿತು. ಆ ತಂತ್ರಾಂಶವನ್ನು ಒಬ್ಬರೇ ಸುಸ್ತಾಗಿ ನೋಡಿಕೊಳ್ಳುತ್ತಿದ್ದರು. ಒಬ್ಬ ಬಂದು ಎರಡು ವರ್ಷಕ್ಕೂ ಜಾಸ್ತಿ ನೆರವಾಗಿ, ನಂಬಿಕೆ ಗಳಿಸಿ, ಕೊನೆಗೆ ಒಳಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಯಾಕೆ ಅಂತ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಲೆ ಕೆಡಿಸಿಕೊಂಡಿದ್ದರಿಂದ ಅದು ಸಿಕ್ಕಿಬಿತ್ತು. ನಮ್ಮದು ಲಗ್ನಪತ್ರಿಕೆ ಮಟ್ಟದ ತಂತ್ರಾಂಶ, ನಿಜ. ಆದರೂ ಬೆಳಿಗ್ಗೆ ಪರಿಚಯ ಆದವನ ಕೈಗೆ ಸಂಜೆ ಬೀಗದ ಕೈ ಕೊಡಬಾರದು, ಆ ಬೆಳಗಿನವನು ನಾನೇ ಆದರೂ.

ಪಾಸ್‌ವರ್ಡ್ ಬೇಡ ಸರ್, ಇಲ್ಲಿ ಕೆಲಸ ನಿಂತಿದೆ, ಮುಂದಿನದು ಈ ಕವಲಿನಲ್ಲಿ ಅಂತ ಒಂದು ಸಾಲು ಹಾಕಿ ಸಾಕು ಎಂದು ಬರೆದೆ. ಅವರು ಆ ಸಾಲು ಹಾಕಿ, ಮೂಲವನ್ನು ಆರ್ಕೈವ್ ಮಾಡಿದರು. ಇನ್ನು ಅದನ್ನು ಓದಬಹುದು, ತಿದ್ದಲಾಗದು. ಅರ್ಕಾವತ್ತಿನವರಿಗೂ ಪೈಥಾನ್ 3ರವರಿಗೂ ಬರೆದು, ಅವರ ಹೆಸರು ಸೇರಿಸಿದೆ. ಒಬ್ಬರು ಒಂದು ನಗುವ ಮುಖ ಕಳಿಸಿದರು. ಇನ್ನೊಬ್ಬರ ಸುದ್ದಿಯಿಲ್ಲ.

ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಒಳಗಿಂದ ಮಾವನ ಕೂಗು. “ಲೋ, 2012ರ ಜಾಹೀರಾತಲ್ಲಿ ‘ಐಇಆ ಬಲ್ಬು’ ಅಂತಿದೆ. ಯಾವ ಕಂಪನಿನೋ ಇದು?”

ಎರಡು ನಿಮಿಷ ಬೇಕಾಯಿತು ಹೊಳೆಯಲು. ಇಂಗ್ಲಿಷಿನಲ್ಲಿದ್ದ ಎಲ್‌ಇಡಿಯನ್ನೂ ಪರಿವರ್ತಕ ಬಿಟ್ಟಿರಲಿಲ್ಲ. ನುಡಿಯಲ್ಲಿ ಎಲ್ ಜಾಗ ಐ, ಇ ಜಾಗ ಇ, ಡಿ ಜಾಗ ಆ. ಫಾಂಟ್ ಕಿತ್ತ ಮೇಲೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

“ಅದು ಕಷ್ಟ ಮಾವ. ಇವತ್ತಿಗೆ ಆಗಲ್ಲ.”

“ಇವತ್ತೇ ಅಂತ ಯಾರಂದ್ರು? ಮೊದ್ಲು ಬರ್ಕೋ,” ಅಂದರು ಮಾವ. “ತಕರಾರು ನಂಬರ್ ಒಂದು. ನನ್ನ ಹೆಸರು ಹಾಕು.”