ಆಷಾಢದ ಗಾಳಿ, ಕಣ್ಣಿನ ಲೇಸರ್, ಅಜ್ಜಿಯ ಕರಿ ಕನ್ನಡಕ

ಕನ್ನಡಕ ಬಿಡೋಕೆ ಅಂತ ಕಣ್ಣಿಗೆ ಲೇಸರ್ ಮಾಡಿಸ್ಕೊಂಡು ಮೂರು ತಿಂಗಳ ಮೇಲಾಯ್ತು. ಆಫೀಸಲ್ಲಿ, ಓಣಿಯಲ್ಲಿ, ಮದುವೆ ಮನೆಯಲ್ಲಿ ಸಿಕ್ಕೋರೆಲ್ಲ ಕೇಳೋದು ಎರಡೇ ಪ್ರಶ್ನೆ, ನೋವಾಯ್ತಾ, ಎಷ್ಟೊತ್ತು ಹಿಡೀತು ಅಂತ. ಎರಡೂ ಕಣ್ಣು ಸೇರಿ ಇಪ್ಪತ್ತು ನಿಮಿಷ ಹಿಡೀತು, ಮಾಡುವಾಗ ನೋವಾಗ್ಲಿಲ್ಲ. ಆದ್ರೆ ಆಮೇಲಿನ ಆರು ವಾರ ಹೆಂಗಿತ್ತು ಅಂತ ಯಾರೂ ಕೇಳಲ್ಲ, ಮಾಡಿಸ್ಕೊಳ್ಳೋ ಮುಂಚೆ ನಾನೂ ಯಾರನ್ನೂ ಕೇಳಿರ್ಲಿಲ್ಲ, ಕೇಳಿದ್ರೆ ಎಷ್ಟೋ ಹಗುರ ಆಗ್ತಿತ್ತು, ಅದಕ್ಕೇ ಕೂತ್ಕೊಂಡು ಪೂರ್ತಿ ಬರೀತಿದೀನಿ.

ನನಗೆ ನಾಲ್ಕನೇ ಕ್ಲಾಸಿಂದ ಕನ್ನಡಕ. ಬಲಗಣ್ಣು ಮೈನಸ್ 5.5, ಎಡಗಣ್ಣು ಮೈನಸ್ 5.25, ಮೇಲೆ ಎರಡಕ್ಕೂ ಸ್ವಲ್ಪ ಸಿಲಿಂಡರ್, ಅಂದ್ರೆ ಕಣ್ಣಿನ ಮುಂಭಾಗ ಎಲ್ಲಾ ಕಡೆ ಒಂದೇ ಸಮ ಬಾಗಿಲ್ಲದೇ ಇರೋದಕ್ಕೆ ಕೊಡೋ ಪವರ್. ಅಂದ್ರೆ ಬೆಳಿಗ್ಗೆ ಎದ್ದ ತಕ್ಷಣ ದಿಂಬಿನ ಪಕ್ಕ ಕೈಯಾಡಿಸಿ ಕನ್ನಡಕ ಹುಡುಕದಿದ್ರೆ ಗೋಡೆ ಗಡಿಯಾರದ ಮುಳ್ಳು ಇರ್ಲಿ, ಗಡಿಯಾರಾನೇ ಕಾಣಲ್ಲ. ಇಷ್ಟಕ್ಕೂ ಕನ್ನಡಕದ ಮೇಲೆ ನನಗೆ ಸಿಟ್ಟಿರ್ಲಿಲ್ಲ. ಹೋದ ವರ್ಷ ಹೆಣ್ಣು ನೋಡೋಕೆ ಬಂದಾಗ ದೊಡ್ಡಮ್ಮ "ಅದನ್ನ ತೆಗೆದಿಟ್ಟು ಬಾರವ್ವ, ಒಂದು ಹತ್ತು ನಿಮಿಷ" ಅಂದ್ರು, ನಾನೂ ತೆಗೆದಿಟ್ಟು ಚಹಾ ತಟ್ಟೆ ಹಿಡ್ಕೊಂಡು ಹೋದೆ, ಎದುರಿಗೆ ಕೂತಿದ್ದ ಹುಡುಗನ ಮುಖ ನನಗೆ ಬರೀ ಕಂದು ಬಣ್ಣದ ಮಸುಕು. ಅವರು ನನ್ನ ನೋಡಿದ್ರು, ನಾನು ಯಾರನ್ನೂ ನೋಡ್ಲಿಲ್ಲ. ಅವತ್ತು ರಾತ್ರಿ ಬಹಳ ಅತ್ತೆ. ಮಾಡಿಸ್ಕೊಂಡ್ರೆ ನನಗೋಸ್ಕರ, ನನ್ನ ಸಂಬಳದಲ್ಲೇ ಮಾಡಿಸ್ಕೋತೀನಿ ಅಂತ ಅವತ್ತೇ ಗಟ್ಟಿ ಮಾಡ್ಕೊಂಡಿದ್ದು.

ಮೊದಲು ಹೋಗಿದ್ದ ಆಸ್ಪತ್ರೆ ಹೆಸರು ಬೇಡ. ಕಂಪ್ಯೂಟರ್ ಮುಂದೆ ಗಲ್ಲ ಇಡಿಸಿ ಪವರ್ ನೋಡಿದ್ರು, ಹದಿನೈದೇ ನಿಮಿಷದಲ್ಲಿ "ಲಾಸಿಕ್ ಆಗತ್ತೆ, ಶನಿವಾರ ಬನ್ನಿ, ಆಫರ್ ಐತೆ" ಅಂದ್ಬಿಟ್ರು. ನಾನು ಅವತ್ತು ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ಹೋಗಿ ಅಲ್ಲೇ ತೆಗೆದಿದ್ದೆ, ಎಷ್ಟು ದಿನದಿಂದ ಹಾಕ್ತಿದೀರಿ ಅಂತ ಕೂಡ ಕೇಳ್ಲಿಲ್ಲ. ಅಡ್ವಾನ್ಸ್ ಕಟ್ಟೋಕೆ ಪರ್ಸ್ ತೆಗೆದಿದ್ದೆ, ಅಪ್ಪಾಜಿ "ತಡಿಯವ್ವ, ಒಂದು ಸೀರೆ ತಗೊಳ್ಳೋಕೆ ನಾಲ್ಕು ಅಂಗಡಿ ತಿರುಗ್ತೀರಿ, ಇದು ಕಣ್ಣು" ಅಂದ್ರು. ಆ ಮಾತು ನನ್ನ ಕಣ್ಣು ಉಳಿಸ್ತು ಅಂತ ಈಗ್ಲೂ ಅನಿಸತ್ತೆ.

ಚಿಕ್ಕಮ್ಮ ಹುಬ್ಬಳ್ಳಿಯಲ್ಲಿರೋದ್ರಿಂದ ಎರಡನೇದು ಅಲ್ಲಿ ತೋರ್ಸಿದ್ವಿ. ಆ ಡಾಕ್ಟರ್ ಮೇಡಂ ಮೊದಲು ಕೇಳಿದ್ದೇ ಲೆನ್ಸ್ ಬಗ್ಗೆ. ಸಾಫ್ಟ್ ಲೆನ್ಸ್ ಆದ್ರೂ ಎರಡು ವಾರ ಬಿಟ್ಟು ಬನ್ನಿ, ದಿನಾ ಹಾಕಿದ್ರೆ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಗಾಜಿನಂಥ ಪದರ, ಅದರ ಆಕಾರ ಒತ್ತಿಕೊಂಡಿರತ್ತೆ, ಅಳತೆ ಸುಳ್ಳು ಬರತ್ತೆ ಅಂತ ವಾಪಸ್ ಕಳಿಸಿದ್ರು. ಒಂದು ರೂಪಾಯಿ ಫೀಸ್ ತಗೊಳ್ದೆ. ಎರಡು ವಾರ ಆದ್ಮೇಲೆ ಹೋದಾಗ ಅರ್ಧ ದಿನ ಬರೀ ಟೆಸ್ಟು. ಕಾರ್ನಿಯಾದ ನಕ್ಷೆ ತೆಗೆಯೋ ಸ್ಕ್ಯಾನ್, ದಪ್ಪ ಎಷ್ಟಿದೆ ಅಂತ ಅಳೆಯೋದು, ಕಣ್ಣಿನ ಪ್ರೆಶರ್, ಕೆಳಗಿನ ರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಗಿಸಿ ಐದು ನಿಮಿಷದಲ್ಲಿ ಕಣ್ಣೀರು ಎಷ್ಟು ಮಿಲಿಮೀಟರ್ ಏರತ್ತೆ ಅಂತ ನೋಡೋದು, ಆಮೇಲೆ ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿ ರೆಟಿನಾ, ಅಂದ್ರೆ ಕಣ್ಣಿನ ಹಿಂದಿನ ಪರದೆ ನೋಡೋದು. ಒಂದು ವರ್ಷದಿಂದ ಪವರ್ ಬದಲಾಗಿಲ್ಲ ಅನ್ನೋಕೆ ಹಳೇ ಚೀಟಿ ತೋರ್ಸಿ ಅಂದ್ರು, ಕಣ್ಣು ಜೋರಾಗಿ ಉಜ್ಜೋ ಅಭ್ಯಾಸ ಇದೆಯಾ, ಮನೇಲಿ ಯಾರಿಗಾದ್ರೂ ಕಾರ್ನಿಯಾ ತೊಂದರೆ ಇತ್ತಾ ಅಂತ ಮೂರು ಸಲ ಕೇಳಿದ್ರು.

ನನ್ನ ಕಾರ್ನಿಯಾ ದಪ್ಪ 492 ಮೈಕ್ರಾನ್ ಬಂತು, ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಲ್ಲಿ ಸಾವಿರದ ಒಂದು ಪಾಲು. ಸಾಮಾನ್ಯವಾಗಿ 540ರ ಆಸುಪಾಸು ಇರತ್ತಂತೆ, ಅಂದ್ರೆ ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಮೇಡಂ ಪೆನ್ ತಗೊಂಡು ಚೀಟಿ ಹಿಂದೆ ಲೆಕ್ಕ ಹಾಕಿ ತೋರ್ಸಿದ್ರು, ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡೋಳು, ಅಂಕಿ ಇಟ್ಟು ಹೇಳಿದ್ರೆ ನನಗೆ ತಲೆಗೆ ಹೋಗತ್ತೆ. ಲಾಸಿಕ್‌ನಲ್ಲಿ ಮೊದಲು ಕಾರ್ನಿಯಾ ಮೇಲೆ 110 ಮೈಕ್ರಾನ್ ದಪ್ಪದ ಒಂದು ಪದರ ಪುಸ್ತಕದ ಹಾಳೆ ಥರ ಎಬ್ಬಿಸ್ತಾರೆ, ಅದರ ಕೆಳಗೆ ಲೇಸರ್, ಒಂದೊಂದು ಪವರಿಗೆ ಹನ್ನೆರಡರಿಂದ ಹದಿನೈದು ಮೈಕ್ರಾನ್ ಸವೆಯತ್ತೆ, ನನ್ನ ಪವರಿಗೆ ಸುಮಾರು 85. ಎರಡೂ ಕೂಡಿಸಿ 195. ಇರೋ 492ರಲ್ಲಿ ನೂರಕ್ಕೆ ನಲವತ್ತು ಭಾಗ ಮುಟ್ಟಿದ ಹಾಗಾಯ್ತು. ಕೆಳಗೆ ಕನಿಷ್ಠ 250 ಉಳೀಬೇಕು, ನಿಮಗೆ 297 ಉಳಿಯತ್ತೆ, ಆದ್ರೂ ತೆಳು ಕಾರ್ನಿಯಾದಲ್ಲಿ ಅಷ್ಟು ಭಾಗ ಮುಟ್ಟಿದ್ರೆ ವರ್ಷಗಳಾದ್ಮೇಲೆ ಅದು ಮುಂದಕ್ಕೆ ಉಬ್ಬೋ ಭಯ ಇರತ್ತೆ, ನಾನು ಮಾಡಲ್ಲ ಅಂದ್ರು. ಅದರ ಬದಲು ಪಿಆರ್‌ಕೆ. ಅದರಲ್ಲಿ ಪದರ ಎಬ್ಬಿಸೋದಿಲ್ಲ, ಮೇಲಿನ ಚರ್ಮದಂಥ 50 ಮೈಕ್ರಾನ್ ಪೊರೆ ಒರೆಸಿ ತೆಗೆದು ಅಲ್ಲೇ ಲೇಸರ್ ಹಾಕ್ತಾರೆ, ಆ ಪೊರೆ ನಾಲ್ಕೈದು ದಿನದಲ್ಲಿ ತಾನೇ ಬೆಳ್ಕೊಳ್ಳತ್ತೆ. ಕಾರ್ನಿಯಾ ಗಟ್ಟಿ ಉಳಿಯತ್ತೆ, ಆದ್ರೆ ನೋವು ಜಾಸ್ತಿ, ದೃಷ್ಟಿ ನಿಧಾನ. "ಲಾಸಿಕ್ ಮಾಡಿಸ್ಕೊಂಡೋರು ಮಾರನೇ ದಿನ ಕಾಣತ್ತೆ ಅಂತಾರೆ, ನಿಮಗೆ ಹಂಗಾಗಲ್ಲ, ಈಗ್ಲೇ ಹೇಳ್ತಿದೀನಿ" ಅಂದ್ರು. ಕೇಳಿಸ್ಕೊಂಡೆ, ಆದ್ರೆ ಮನಸ್ಸಿಗೆ ಇಳಿಸ್ಕೊಳ್ಳಲಿಲ್ಲ.

ಆಷಾಢದಲ್ಲಿ ಇಟ್ಕೊಂಡಿದ್ದು ನಂದೇ ತಪ್ಪು. ಆಷಾಢ ಅಂದ್ರೆ ಮದುವೆ ಮುಂಜಿ ಗೃಹಪ್ರವೇಶ ಏನೂ ಇರಲ್ಲ, ಓಡಾಟ ಇರಲ್ಲ ಅಂತ ಯೋಚಿಸಿದೆ. ಗಾಳಿ ಮರೆತೆ. ದಾವಣಗೆರೆ ಕಡೆ ಆಷಾಢದ ಗಾಳಿ ಹೆಂಗಿರತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಮಾಳಿಗೆ ಮೇಲೆ ಒಣಗಾಕಿದ ಬಟ್ಟೆ ಪಕ್ಕದ ಓಣಿಯಲ್ಲಿ ಸಿಗತ್ತೆ, ಬಾಗಿಲು ಹಾಕಿದ್ರೂ ಟೀವಿ ಮೇಲೆ ಮಣ್ಣು ಕೂರತ್ತೆ. ಆಮೇಲೆ ಜುಲೈ 31 ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋಕೆ ಕಡೇ ದಿನ, ಆಡಿಟರ್ ಆಫೀಸಿನೋರಿಗೆ ಜುಲೈ ಅಂದ್ರೆ ಏನು ಅಂತ ನಮ್ಮಂಥವರಿಗೇ ಗೊತ್ತು. ಸರ್ ಹತ್ರ ಒಂದು ವಾರ ರಜೆ ಕೇಳಿದ್ದೆ. ಒಂದು ವಾರ ಸಾಕಾಗಲ್ಲ ಅಂತ ಆಗ ಗೊತ್ತಿರ್ಲಿಲ್ಲ.

ತಯಾರಿ ಜಾಸ್ತಿ ಏನಿಲ್ಲ. ಮೂರು ದಿನ ಮುಂಚೆಯಿಂದ ಕಾಡಿಗೆ ಬಿಟ್ಟೆ, ಆಪರೇಷನ್ ದಿನ ಪೌಡರ್ ಸೆಂಟ್ ಏನೂ ಹಚ್ಚಲಿಲ್ಲ, ಹಿಂದಿನ ದಿನ ತಲೆಗೆ ಸ್ನಾನ ಮಾಡ್ಕೊಂಡೆ ಯಾಕಂದ್ರೆ ಮುಂದೆ ಒಂದು ವಾರ ತಲೆಗೆ ನೀರು ಹಾಕೋ ಹಾಗಿಲ್ಲ. ಮೊಬೈಲ್ ಅಕ್ಷರ ದೊಡ್ಡದು ಮಾಡಿಟ್ಟೆ. ಅಪ್ಪಾಜಿಗೆ ಮಾತ್ರ ಲೇಸರ್ ಅಂದ್ರೆ ಬೆಂಕಿ, ಕಣ್ಣು ಸುಟ್ಟರೆ ಅನ್ನೋ ಹೆದರಿಕೆ ಹೋಗಿರ್ಲಿಲ್ಲ. ಅವರಿಗೆ ರಂಗಸ್ವಾಮಿ ಶ್ರೀನಿವಾಸನ್ ಕಥೆ ಹೇಳಿದೆ, ಮದ್ರಾಸಲ್ಲಿ ಹುಟ್ಟಿ ಅಮೆರಿಕದಲ್ಲಿ ಐಬಿಎಂ ಕಂಪನಿ ಸೇರಿದ ವಿಜ್ಞಾನಿ, 1981ರಲ್ಲಿ ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೆ 193 ನ್ಯಾನೋಮೀಟರ್ ಎಕ್ಸೈಮರ್ ಲೇಸರ್ ಬಿಟ್ಟು ನೋಡಿದ್ರು, ಗೆರೆ ಕೊರೆದ ಹಾಗೆ ನೀಟಾಗಿ ಬಂತು, ಅಕ್ಕಪಕ್ಕ ಏನೂ ಸುಟ್ಟಿರ್ಲಿಲ್ಲ. ಈ ಕಣ್ಣಿನ ಲೇಸರ್ ಎಲ್ಲಾ ಅಲ್ಲಿಂದ ಬಂದಿದ್ದು. "ನಮ್ಮ ಕಡೆಯವರಾ" ಅಂದ್ರು ಅಪ್ಪಾಜಿ, ಮುಖದಲ್ಲಿ ಸ್ವಲ್ಪ ಧೈರ್ಯ ಬಂತು.

ಆಪರೇಷನ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಮರಗಟ್ಟಿಸೋ ಡ್ರಾಪ್ಸ್ ಹಾಕಿ ರೆಪ್ಪೆಗೆ ಕ್ಲಿಪ್ ಹಾಕ್ತಾರೆ, ಮೇಲೆ ಮಿನುಗೋ ಲೈಟನ್ನೇ ನೋಡ್ತಿರಬೇಕು. ಪೊರೆ ಒರೆಸುವಾಗ ಲೈಟು ಕದಡಿದ ನೀರಲ್ಲಿ ಕಂಡ ಹಾಗೆ ಹರಡ್ಕೊಂಡು ಹೋಗತ್ತೆ, ಆಮೇಲೆ ಟಕಟಕ ಅಂತ ಶಬ್ದ, ಕೂದಲು ಸುಟ್ಟ ವಾಸನೆ. ವಾಸನೆಗೆ ಗಾಬರಿ ಆಗ್ಬೇಡಿ, ಅದು ಇರೋದೇ ಹಾಗೆ. ಅರ್ಧ ನಿಮಿಷ ಅಷ್ಟೇ. ತಣ್ಣಗಿನ ನೀರು ಬಿಟ್ಟು, ಬ್ಯಾಂಡೇಜ್ ಲೆನ್ಸ್ ಅಂತ ಪವರ್ ಇಲ್ಲದ ಲೆನ್ಸ್ ಇಟ್ಟು ಕಳಿಸಿದ್ರು. ಸಾಯಂಕಾಲ ಚಿಕ್ಕಮ್ಮನ ಮನೇಲಿ ರೊಟ್ಟಿ ಊಟ ಮಾಡಿ, ಇಷ್ಟೇನಾ ಅಂದ್ಕೊಂಡು ಮಲಗಿದೆ.

ಮಾರನೇ ದಿನ ಚೆಕಪ್ ಮುಗಿಸಿ ಕಾರಲ್ಲಿ ಊರಿಗೆ ಹೊರಟ್ವಿ. ಹಾವೇರಿ ದಾಟೋ ಹೊತ್ತಿಗೆ ಶುರುವಾಯ್ತು. ಮೆಣಸಿನಕಾಯಿ ಮುರಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡ ಹಾಗೆ, ಜೊತೆಗೆ ಕಣ್ಣೊಳಗೆ ಮರಳು. ನೀರು ಧಾರಾಕಾರ. ಅಜ್ಜಿ ತನ್ನ ಬಲಗಣ್ಣಿನ ಪೊರೆ (ಕ್ಯಾಟರಾಕ್ಟ್) ಆಪರೇಷನ್ ಆದಾಗ ಕೊಟ್ಟಿದ್ದ ಕರಿ ಕನ್ನಡಕ, ಅದೇ ಪಕ್ಕದಲ್ಲೂ ಮುಚ್ಚಿಕೊಂಡಿರೋ ದೊಡ್ಡದು, ನನಗೆ ಅಂತ ಕಳಿಸಿದ್ರು. ನಾನು ಬೇಡ ಅಂದಿದ್ದೆ. ಅದನ್ನೇ ಹಾಕ್ಕೊಂಡು, ಮೇಲೆ ದುಪಟ್ಟಾ ಮುಚ್ಚಿಕೊಂಡು, ಹರಿಹರದ ಸೇತುವೆ ಯಾವಾಗ ಬಂತು ಹೋಯ್ತು ಅಂತ ಕೂಡ ಗೊತ್ತಾಗದೆ ಮನೆ ಸೇರಿದೆ.

ಆ ರಾತ್ರಿ ಮರೆಯೋಕಾಗಲ್ಲ. ಲೈಟ್ ಹಾಕಿದ್ರೆ ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗ್ತಿತ್ತು, ಹಾಗಾಗಿ ಅವ್ವ ಕತ್ತಲಲ್ಲೇ ಡ್ರಾಪ್ಸ್ ಹಾಕೋದು ಕಲಿತಳು. ಬಳೆ ಮುಖಕ್ಕೆ ತಾಗತ್ತೆ ಅಂತ ಬಲಗೈ ಬಳೆನೆಲ್ಲ ಮೊಳಕೈವರೆಗೂ ಸರಿಸಿ ಕರ್ಚೀಫ್ ಕಟ್ಕೊಂಡಿದ್ಲು. ಸೋಪಲ್ಲಿ ಕೈ ತೊಳ್ಕೊಂಡು ಬಂದು, ನನ್ನ ಹಣೆ ಮೇಲೆ ಅಂಗೈ ಊರಿ, ಕೆಳಗಿನ ರೆಪ್ಪೆ ಒಂದೇ ಬೆರಳಲ್ಲಿ ಜಗ್ಗಿ, ಬಾಟ್ಲಿ ತುದಿ ರೆಪ್ಪೆಗೆ ತಾಗದ ಹಾಗೆ ಒಂದು ಹನಿ. "ಮುಚ್ಚವ್ವ, ಹಿಂಡಬ್ಯಾಡ ಕಣ್ಣ" ಅಂತಿದ್ಲು. ಒಂದು ಡ್ರಾಪ್ಸಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು ಇಲ್ಲಾಂದ್ರೆ ಮೊದಲನೇದು ತೊಳ್ಕೊಂಡು ಹೋಗತ್ತೆ, ಆ ಐದು ನಿಮಿಷಾನೂ ಅಲ್ಲೇ ಕೂತಿರ್ತಿದ್ಲು. ಸೋಂಕಾಗದೆ ಇರೋಕೆ ಆಂಟಿಬಯೋಟಿಕ್, ಉರಿಯೂತಕ್ಕೆ ಸ್ಟೀರಾಯ್ಡ್, ಆಮೇಲೆ ಗಂಟೆಗೊಂದು ಸಲ ಕಣ್ಣೀರಿನ ಡ್ರಾಪ್ಸ್. ಕಣ್ಣೀರಿನ ಡ್ರಾಪ್ಸ್ ಫ್ರಿಜ್‌ನಲ್ಲಿಟ್ಟು ತಣ್ಣಗೆ ಹಾಕಿದ್ರೆ ಎರಡು ನಿಮಿಷ ಸ್ವರ್ಗ. ಒಂದು ಮಾತ್ರ ದಯವಿಟ್ಟು ನೆನಪಿಡಿ, ಎಷ್ಟೇ ನೋವಿದ್ರೂ ಆಪರೇಷನ್‌ಗೆ ಮುಂಚೆ ಹಾಕೋ ಮರಗಟ್ಟಿಸೋ ಡ್ರಾಪ್ಸ್ ಮೆಡಿಕಲ್ ಶಾಪಲ್ಲಿ ಕೇಳಿ ತಂದು ಹಾಕ್ಬೇಡಿ, ಪೊರೆ ಬೆಳೆಯೋದೇ ನಿಂತುಹೋಗತ್ತೆ. ನೋವಿನ ಮಾತ್ರೆ ಬರೆದುಕೊಟ್ಟಿರ್ತಾರೆ, ಅದು ಸಾಕು.

ಮೂರನೇ ದಿನ ಹಿಂದಿನ ಮನೆ ಆಂಟಿ ಪ್ರೀತಿಯಿಂದ ನಂದಬಟ್ಲು ಹೂವು ಬಿಡಿಸ್ಕೊಂಡು ಬಂದಿದ್ರು, ರಸ ಹಿಂಡಿದ್ರೆ ತಂಪಾಗತ್ತೆ ಅಂತ. ಅವರ ಮನಸ್ಸು ಒಳ್ಳೇದು, ಆದ್ರೆ ಮೇಲಿನ ಪೊರೆನೇ ಇಲ್ಲದ ಕಣ್ಣಿಗೆ ಹೂವಿನ ರಸ, ಹರಳೆಣ್ಣೆ, ಎದೆಹಾಲು ಏನು ಹಾಕಿದ್ರೂ ಸೋಂಕಾಗಿ ಕಣ್ಣೇ ಹೋಗಬಹುದು. ಅವ್ವ ಹೂವು ಇಸ್ಕೊಂಡು ದೇವರ ಮುಂದಿಟ್ಟಳು. ಆ ವಾರ ಪೂರ್ತಿ ಮನೇಲಿ ಒಗ್ಗರಣೆ ಇಲ್ಲ, ಅಪ್ಪಾಜಿ ಬರೀ ಮೊಸರನ್ನ ಉಂಡ್ರು, ಕಿಟಕಿ ಸಂದಿಗೆಲ್ಲ ಒದ್ದೆ ಟವೆಲ್ ಸಿಗಿಸಿದ್ರು. ನಾನು ಕಣ್ಣು ಮುಚ್ಚಿಕೊಂಡು ಚಿತ್ರದುರ್ಗ ಆಕಾಶವಾಣಿ ಕೇಳ್ತಾ ಮಲಗಿದ್ದೆ, ಹೊರಗೆ ಗಾಳಿ ಭರ್ರೋ ಅಂತ ಬೀಸ್ತಾ ಇತ್ತು.

ಐದನೇ ದಿನ ಬ್ಯಾಂಡೇಜ್ ಲೆನ್ಸ್ ತೆಗೆದ್ರು. ನೋವು ಹೋಗಿತ್ತು, ಆದ್ರೆ ದೃಷ್ಟಿ ಮೊದಲ ದಿನಕ್ಕಿಂತ ಮಸುಕು! ನನ್ನ ಎದೆ ಒಡೆದುಹೋಯ್ತು. ಪೊರೆ ಸುತ್ತಲಿಂದ ಬೆಳೀತಾ ಬಂದು ನಡುಮಧ್ಯೆ ಕೂಡ್ಕೊಳ್ಳತ್ತೆ, ಆ ಕೂಡಿದ ಜಾಗದಲ್ಲಿ ಏರು ಇರತ್ತೆ, ಅದು ನೆಲಕ್ಕೆ ಸಾರಿಸಿದ ಹಾಗೆ ನಯ ಆಗೋಕೆ ವಾರಗಟ್ಟಲೆ ಬೇಕು ಅಂತ ಮೇಡಂ ಸಮಾಧಾನ ಮಾಡಿದ್ರು. ನಿಮಗೂ ಹೀಗಾದ್ರೆ ಕೆಟ್ಟುಹೋಯ್ತು ಅಂತ ತಿಳ್ಕೋಬೇಡಿ. ಆದ್ರೆ ನೋವು ಹೋಗಿ ಮತ್ತೆ ಬಂದ್ರೆ, ಕಣ್ಣು ಕೆಂಪಾಗಿ ಕೀವು ಬಂದ್ರೆ, ಅವತ್ತೇ ಓಡಬೇಕು.

ಹತ್ತನೇ ದಿನಕ್ಕೆ ಆಫೀಸಿಗೆ ಹೋದೆ, ಹೋಗಬಾರದಿತ್ತು. ಸ್ಕ್ರೀನ್ ಮೇಲೆ 3 ಯಾವುದು 8 ಯಾವುದು ತಿಳೀತಿರ್ಲಿಲ್ಲ. ಒಬ್ಬ ಅಡಿಕೆ ವ್ಯಾಪಾರಿಯ ಲೆಕ್ಕದಲ್ಲಿ 38 ಸಾವಿರ ಇದ್ದದ್ದನ್ನ 83 ಅಂತ ಹೊಡೆದಿದ್ದೆ, ಜೊತೆಯ ಹುಡುಗಿ ಚೆಕ್ ಮಾಡಿದ್ದಕ್ಕೆ ಉಳೀತು. ಸರ್ ಬೈಯಲಿಲ್ಲ, "ಮನೆಗೆ ಹೋಗಮ್ಮ, ರಿಟರ್ನ್ ಯಾರಾದ್ರೂ ಹಾಕ್ತಾರೆ" ಅಂದ್ರು, ಆ ಋಣ ನನ್ನ ಮೇಲಿದೆ. ಇನ್ನೂ ಹತ್ತು ದಿನ ಮನೆ. ಕಂಪ್ಯೂಟರ್ ಕೆಲಸ ಮಾಡೋರು ಪಿಆರ್‌ಕೆ ಆದ್ರೆ ಮೂರು ವಾರ ಕೈಯಲ್ಲಿ ಇಟ್ಕೊಂಡು ರಜೆ ಹಾಕಿ. ವಾರ ಸಾಕು ಅಂತ ಹೇಳೋರ ಮಾತು ನಂಬಬೇಡಿ.

ಒಂದು ತಿಂಗಳಿಗೆ ದೃಷ್ಟಿ 6/9, ಮೂರು ತಿಂಗಳಿಗೆ ಎರಡೂ ಕಣ್ಣು 6/6, ಅಂದ್ರೆ ಕನ್ನಡಕ ಇಲ್ಲದೆ ಸರಿಯಾದ ದೃಷ್ಟಿ ಬಂತು. ಸ್ಟೀರಾಯ್ಡ್ ಡ್ರಾಪ್ಸ್ ದಿನಕ್ಕೆ ನಾಲ್ಕು, ಮೂರು, ಎರಡು ಅಂತ ತಿಂಗಳು ತಿಂಗಳು ಇಳಿಸಿದ್ರು, ನಡುನಡುವೆ ಕಣ್ಣಿನ ಪ್ರೆಶರ್ ನೋಡಿದ್ರು ಯಾಕಂದ್ರೆ ಕೆಲವರಿಗೆ ಆ ಡ್ರಾಪ್ಸಿಂದ ಪ್ರೆಶರ್ ಏರತ್ತೆ. ಬಿಸಿಲಲ್ಲಿ ಹೋದ್ರೆ ಕಾರ್ನಿಯಾ ಮೇಲೆ ಮಂಜು ಕಟ್ಟಬಹುದು ಅಂತ ಯುವಿ ತಡೆಯೋ ಕೂಲಿಂಗ್ ಗ್ಲಾಸ್ ಕಡ್ಡಾಯ, ಸ್ಕೂಟಿ ಮೇಲೆ ಪೂರ್ತಿ ಗಾಜಿರೋ ಹೆಲ್ಮೆಟ್. ರಾತ್ರಿ ಪಿ.ಬಿ. ರೋಡಲ್ಲಿ ಎದುರಿಂದ ಬರೋ ಲಾರಿ ಲೈಟಿನ ಸುತ್ತ ಇನ್ನೂ ಬಳೆ ಥರ ಪ್ರಭೆ ಕಾಣತ್ತೆ, ಮೊದಲಿಗಿಂತ ಕಮ್ಮಿ, ಆದ್ರೂ ಕತ್ತಲಾದ್ಮೇಲೆ ನಾನು ಗಾಡಿ ಓಡಿಸ್ತಿಲ್ಲ. ಎಸಿ ರೂಮಲ್ಲಿ ಕಣ್ಣು ಒಣಗತ್ತೆ, ಬ್ಯಾಗಲ್ಲಿ ಕಣ್ಣೀರಿನ ಡ್ರಾಪ್ಸ್ ಯಾವಾಗ್ಲೂ ಇರತ್ತೆ. ಲೇಸರ್ ಬರೀ ಕಾರ್ನಿಯಾ ಸರಿ ಮಾಡಿದೆ, ಇಷ್ಟು ಮೈನಸ್ ಪವರ್ ಇರೋರ ಕಣ್ಣುಗುಡ್ಡೆ ಉದ್ದ ಬೆಳೆದಿರತ್ತೆ, ಅದು ಹಾಗೇ ಇದೆ, ಅದರ ರೆಟಿನಾನೂ ಹಾಗೇ ತೆಳುವಾಗಿದೆ, ಹಾಗಾಗಿ ವರ್ಷಕ್ಕೊಂದು ಸಲ ಪಾಪೆ ದೊಡ್ಡದು ಮಾಡಿಸಿ ತೋರ್ಸ್ತಾ ಇರಬೇಕು. ನಲವತ್ತು ದಾಟಿದ್ಮೇಲೆ ಓದೋಕೆ ಕನ್ನಡಕ ಬರೋದೂ ತಪ್ಪಲ್ಲ, ಅದನ್ನೂ ಮೇಡಂ ಮೊದಲೇ ಹೇಳಿದ್ದಾರೆ.

ಹೋದ ಭಾನುವಾರ ಅಜ್ಜಿ ಊರಿಗೆ ಹೋಗಿದ್ದೆ, ಚಿತ್ರದುರ್ಗದ ಹತ್ರ. ದೂರದ ಗುಡ್ಡದ ಸಾಲಲ್ಲಿ ಗಾಳಿಯಂತ್ರ ತಿರುಗ್ತಿದ್ವು, ಅಂಗಳದಲ್ಲಿ ನಿಂತು ಒಂದೊಂದನ್ನೇ ಎಣಿಸಿದೆ. ಅಜ್ಜಿ ಪಕ್ಕ ಬಂದು ನಿಂತು "ನನಗೆ ಬಲಗಣ್ಣಾಗೆ ಕಾಣ್ತಾವೆ, ಎಡಗಣ್ಣಾಗೆ ಬರೀ ಹೊಗೆ" ಅಂದ್ರು. ಮುಂದಿನ ತಿಂಗಳು ಅವರ ಎಡಗಣ್ಣಿಗೆ ಪೊರೆ ಆಪರೇಷನ್. ಕರಿ ಕನ್ನಡಕ ಸೋಪಲ್ಲಿ ತೊಳೆದು ಒರೆಸಿ ವಾಪಸ್ ಕೊಟ್ಟು ಬಂದಿದೀನಿ. ಸರ್ ಹತ್ರ ಒಂದು ವಾರ ರಜೆ ಈಗ್ಲೇ ಕೇಳಿಟ್ಟಿದೀನಿ, ಅಜ್ಜಿಗೆ ಡ್ರಾಪ್ಸ್ ಹಾಕೋಳು ನಾನೇ.